ಬೀಮಿಗೆ ತೂತು ಕೊರೆಯುವವರು ಯಾರು?

ಲೆಕ್ಕಪರಿಶೋಧನೆ ನನ್ನ ವೃತ್ತಿ. ಯಾವ ಕಾಗದ ಕೈಗೆ ಬಂದರೂ ಮೊದಲು ಕಣ್ಣು ಹೋಗುವುದು ಕೆಳಗಿನ ಮೂಲೆಗೆ: ಸಹಿ ಯಾರದು, ದಿನಾಂಕ ಯಾವುದು? ಮನೆ ಕಟ್ಟಿಸಲು ಹೊರಟಾಗ ಈ ಚಾಳಿಯನ್ನು ಮನೆಯವರೆಲ್ಲ ಗೇಲಿ ಮಾಡಿದರು. ಒಳ್ಳೆಯ ಆರ್ಕಿಟೆಕ್ಟ್, ಒಳ್ಳೆಯ ಮೇಸ್ತ್ರಿ ಸಿಕ್ಕರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ ಎಂದು ಉಪದೇಶಿಸದವರಿಲ್ಲ. ನನಗೆ ಇಬ್ಬರೂ ಒಳ್ಳೆಯವರೇ ಸಿಕ್ಕಿದ್ದರು. ತಾನಾಗಿ ಏನೂ ನಡೆಯಲಿಲ್ಲ.

ಬಚ್ಚಲುಮನೆಯ ಪೈಪಿನ ಕಥೆ ಕೇಳಿ. ಕೊಳಚೆ ನೀರಿನ ಪೈಪ್ ಹೊರಗೆ ಹೋಗಬೇಕಾದ ದಾರಿಯಲ್ಲಿ ಒಂದು ಬೀಮ್ ಅಡ್ಡ ನಿಂತಿತ್ತು. "ತೂತು ಹೊಡೆಯುವುದು ನನ್ನ ಕೆಲಸವಲ್ಲಮ್ಮ, ಗಾರೆಯವರದು" ಎಂದರು ಪ್ಲಂಬರ್. "ಬೀಮಿಗೆ ನಾನು ಕೈ ಹಚ್ಚುವುದಿಲ್ಲ, ಎಂಜಿನಿಯರ್ ಬರೆದುಕೊಡಲಿ" ಎಂದರು ಮೇಸ್ತ್ರಿ. ಎಂಜಿನಿಯರಿಗೆ ಫೋನ್ ಮಾಡಿದರೆ, ತಮಗೆ ಬಂದ ನಕ್ಷೆಯಲ್ಲಿ ಅಲ್ಲಿ ಪೈಪೇ ಇರಲಿಲ್ಲ ಎಂದರು. ಪೈಪಿನ ದಾರಿಯನ್ನು ಪ್ಲಂಬರ್ ಮೊದಲೇ ತಿಳಿಸಬೇಕಿತ್ತು ಎಂದು ಆರ್ಕಿಟೆಕ್ಟ್ ಹೇಳಿದರು. ಆದರೆ ನಕ್ಷೆ ಬರೆಯುವ ಹೊತ್ತಿಗೆ ಪ್ಲಂಬರ್ ಯಾರೆಂದೇ ನಿರ್ಧಾರವಾಗಿರಲಿಲ್ಲ! ನಾಲ್ವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಲಸಗಳ್ಳರಲ್ಲ. ಹೊಣೆ ಮಾತ್ರ ನಾಲ್ವರ ನಡುವೆ ಎಲ್ಲೋ ಜಾರಿ ಬಿದ್ದಿತ್ತು.

ಎಂಜಿನಿಯರ್ ಬಂದು ನೋಡಿ, ಆ ಜಾಗದಲ್ಲಿ ಕೊರೆದರೆ ಕಂಬಿ ತುಂಡಾಗುತ್ತದೆ ಎಂದು ಖಡಾಖಂಡಿತವಾಗಿ ಬೇಡವೆಂದರು. ಪೈಪ್ ಸುತ್ತುಬಳಸಿ ಹೋಯಿತು. ಅಂದಿನಿಂದ ಕಾಂಕ್ರೀಟ್ ಹಾಕುವ ಮುನ್ನ ಒಂದೇ ಹಾಳೆಯ ಮೇಲೆ ಎಲ್ಲರ ಗೆರೆಗಳೂ ಬರಬೇಕೆಂದು ಪಟ್ಟು ಹಿಡಿದೆ. ಪ್ಲಂಬರ್ ನೀಲಿ ಪೆನ್ನಿನಲ್ಲಿ, ಎಲೆಕ್ಟ್ರಿಷಿಯನ್ ಕೆಂಪಿನಲ್ಲಿ. ಪೈಪ್ ಹಾಯುವ ಕಡೆ ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಮೊದಲೇ ಒಂದು ದೊಡ್ಡ ಪೈಪಿನ ತುಂಡು ಕೂರಿಸಿ ಕಾಂಕ್ರೀಟ್ ಸುರಿದರೆ ಆಮೇಲೆ ಕೊರೆಯುವ ಮಾತೇ ಇಲ್ಲ. ಇದಕ್ಕೆ ಸ್ಲೀವ್ ಎನ್ನುತ್ತಾರೆ. ಮೊದಲು ಯೋಚಿಸಿದರೆ ಐದು ನಿಮಿಷದ ಕೆಲಸ.

ಆರ್ಕಿಟೆಕ್ಟ್ ಇರುವಾಗ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ ಏಕೆ ಎಂದು ಹಲವರು ಕೇಳುತ್ತಾರೆ. ಬೆಳಕು ಎಲ್ಲಿಂದ ಬರಬೇಕು, ಅಡುಗೆಮನೆಯಿಂದ ಊಟದ ಮೇಜಿಗೆ ಎಷ್ಟು ಹೆಜ್ಜೆ, ಕೋಣೆಗೆ ಗಾಳಿ ಹೇಗೆ ಹಾಯಬೇಕು ಎನ್ನುವುದು ಆರ್ಕಿಟೆಕ್ಟ್‌ ಬಗೆಹರಿಸುವ ವಿಷಯ. ಅದೆಲ್ಲದರ ಭಾರ ಯಾವ ಕಂಬದಿಂದ ಯಾವ ಪಾಯಕ್ಕೆ ಇಳಿಯುತ್ತದೆ ಎಂಬುದು ಇನ್ನೊಬ್ಬರ ತಲೆನೋವು. ನಮ್ಮ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ "ಮಣ್ಣಿನ ವರದಿ ಎಲ್ಲಿದೆ?" ಎಂಬುದು. ಅಕ್ಕಪಕ್ಕದ ಮನೆಗಳೆಲ್ಲ ಗಟ್ಟಿಯಾಗಿಯೇ ನಿಂತಿವೆಯಲ್ಲ ಎಂದು ಯಾರೋ ಹೇಳಿದ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಮೌನದಿಂದ.

ಮಣ್ಣು ಪರೀಕ್ಷಿಸುವವರು ಬಂದ ದಿನ ಕಚೇರಿಗೆ ರಜೆ ಹಾಕಿ ನಿಂತು ನೋಡಿದೆ. ಕೊರೆದ ಕುಳಿಯೊಳಗೆ ಉಕ್ಕಿನ ಕೊಳವೆ ಇಳಿಸಿ, 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 45 ಸೆಂಟಿಮೀಟರ್ ಇಳಿಯುವವರೆಗೆ ಏಟುಗಳನ್ನು ಎಣಿಸುತ್ತಾರೆ. ಆದರೆ ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಕೊರೆಯುವಾಗ ತಳದ ಮಣ್ಣು ಕದಡಿರುತ್ತದೆ, ಆದ್ದರಿಂದ ಕೊನೆಯ 30 ಸೆಂಟಿಮೀಟರಿನ ಏಟುಗಳನ್ನಷ್ಟೇ ಪರಿಗಣಿಸುತ್ತಾರೆ. ನಂಬಲಾಗದ ಅಂಕಿಯನ್ನು ಪಕ್ಕಕ್ಕಿಟ್ಟು ಲೆಕ್ಕ ಮಾಡುವ ಈ ಕ್ರಮ ನನ್ನಂಥವಳಿಗೆ ಬಹಳ ಹಿಡಿಸಿತು. ಎರೆಮಣ್ಣಾದರೆ ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿದರೆ ಗೋಡೆ ಬಿರಿಯುತ್ತದೆ. ಆಗ ಬೈಗುಳ ತಿನ್ನುವವರು ಪಾಪ ಮೇಸ್ತ್ರಿ.

ಎಂಜಿನಿಯರನ್ನು ಗೊತ್ತು ಮಾಡಿಕೊಳ್ಳುವಾಗ ಒಂದು ವಿಷಯ ಬರಹದಲ್ಲಿ ಇರಲಿ: ನಕ್ಷೆ ಕೊಟ್ಟು ಸುಮ್ಮನಾಗುತ್ತಾರೋ, ಕಂಬಿ ಕಟ್ಟಿದ ಮೇಲೆ ಬಂದು ನೋಡುತ್ತಾರೋ? ಎಷ್ಟೋ ಒಪ್ಪಂದಗಳಲ್ಲಿ ಎರಡನೆಯದು ಇರುವುದೇ ಇಲ್ಲ. ನಮ್ಮ ಬಾಲ್ಕನಿ ಒಂದೇ ಬದಿಯ ಆಧಾರದಲ್ಲಿ ಹೊರಚಾಚಿಕೊಂಡಿದೆ. ಎರಡು ಕಡೆ ಆಧಾರವಿರುವ ಸ್ಲ್ಯಾಬ್ ನಡುವೆ ಬಾಗುವಾಗ ಎಳೆತ ತಳದಲ್ಲಿರುತ್ತದೆ, ಹಾಗಾಗಿ ಅಲ್ಲಿ ಮುಖ್ಯ ಕಂಬಿ ಕೆಳಗೆ. ಹೊರಚಾಚಿದ ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗದಲ್ಲಿ, ಕಂಬಿಯೂ ಮೇಲೆಯೇ ಇರಬೇಕು. ಕಾಂಕ್ರೀಟ್ ಬಾಣಲಿ ಹೊತ್ತವರು ಅದರ ಮೇಲೆ ಓಡಾಡಿದರೆ ಮೇಲಿನ ಕಂಬಿ ತುಳಿತಕ್ಕೆ ಸಿಕ್ಕಿ ಕೆಳಗೆ ಕೂತುಬಿಡುತ್ತದೆ. ಕಾಂಕ್ರೀಟ್ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬಾಲ್ಕನಿ ಮಾತ್ರ ಜೋಲುತ್ತದೆ, ಕೆಲವೊಮ್ಮೆ ಕುಸಿಯುತ್ತದೆ. ನಮ್ಮ ಎಂಜಿನಿಯರ್ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, 'ಕುರ್ಚಿ' ಎಂದು ಕರೆಯುವ ಆಸರೆಗಳನ್ನು ಅದರ ಅಡಿಗೆ ಇಡಿಸಿ, ಓಡಾಡಲು ಹಲಗೆ ಹಾಸಿಸಿ, ಆಮೇಲೆಯೇ ಪುಸ್ತಕದಲ್ಲಿ ಸಹಿ ಹಾಕಿದರು. ಕಂಬಿ ಕಟ್ಟುವವರು ಗೊಣಗಿದರು. ಗೊಣಗಲಿ.

ಆ ಪುಸ್ತಕ ನಾನು ತಂದಿಟ್ಟದ್ದು. ನೋಡಿದವರು, ಹೇಳಿದ್ದು, ದಿನಾಂಕ, ಸಹಿ, ಇಷ್ಟೇ. ಶುರುವಿನಲ್ಲಿ ಆರ್ಕಿಟೆಕ್ಟ್ ನಕ್ಕರು. ನಾಲ್ಕನೆಯ ತಿದ್ದುಪಡಿಯ ನಕ್ಷೆ ಬಂದಿದ್ದರೂ ಮೇಸ್ತ್ರಿಯ ಕೈಯಲ್ಲಿ ಎರಡನೆಯದೇ ಇದೆ ಎಂದು ತಿಳಿದ ದಿನ ನಗು ನಿಂತಿತು. ಹೊಸ ನಕ್ಷೆ ಬರುವುದು ಇಮೇಲ್‌ನಲ್ಲಿ. ಸಿಮೆಂಟ್ ಮೆತ್ತಿದ, ಮಡಿಕೆ ಹರಿದ ಹಳೆಯ ಹಾಳೆ ಇರುವುದು ಮೇಸ್ತ್ರಿಯ ಜೇಬಿನಲ್ಲಿ. ಹೊಸದು ಬಂದ ಕೂಡಲೇ ಹಳೆಯದನ್ನು ವಾಪಸ್ ಪಡೆದು "ರದ್ದು" ಎಂದು ಅಡ್ಡಲಾಗಿ ಬರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಮೆಟ್ಟಿಲಿನ ವಿಷಯದಲ್ಲಿ ಮೇಸ್ತ್ರಿಯೇ ನಮ್ಮೆಲ್ಲರ ಕಣ್ಣು ತೆರೆಸಿದರು. ನಕ್ಷೆಯಲ್ಲಿ ಪ್ರತಿ ಮೆಟ್ಟಿಲಿನ ಎತ್ತರ 150 ಮಿಲಿಮೀಟರ್. "ನೆಲಕ್ಕೆ ಏನು ಹಾಸುತ್ತೀರಿ, ಎಷ್ಟು ದಪ್ಪ?" ಎಂದು ಕೇಳಿದರು. ಗಾರೆಯೂ ಸೇರಿ ನೆಲ 50 ಮಿಲಿಮೀಟರ್ ಏರುತ್ತದೆ, ಮೆಟ್ಟಿಲಿನ ಮೇಲೆ 20 ಮಾತ್ರ. ಹಾಗೆಯೇ ಕಾಂಕ್ರೀಟ್ ಹಾಕಿದ್ದರೆ ಕೆಳಗಿನ ಮೊದಲ ಮೆಟ್ಟಿಲು 120ಕ್ಕೆ ಕುಗ್ಗಿ, ಮೇಲಿನ ಕೊನೆಯದು 180ಕ್ಕೆ ಏರುತ್ತಿತ್ತು. ಕಾಲು ಒಂದೇ ಅಳತೆಗೆ ಒಗ್ಗಿಕೊಂಡಿರುತ್ತದೆ, ವ್ಯತ್ಯಾಸ ಬಂದರೆ ಎಡವುತ್ತದೆ. ನೆಲಹಾಸಿನ ದಪ್ಪ ಆರ್ಕಿಟೆಕ್ಟ್‌ಗೆ ಗೊತ್ತಿತ್ತು, ಮೆಟ್ಟಿಲಿನ ಕಂಬಿ ಎಂಜಿನಿಯರಿಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿದವರು ಯಾವ ಪದವಿಯೂ ಇಲ್ಲದ ಮೇಸ್ತ್ರಿ. ಅವರು ತಮ್ಮ ಜೀವಮಾನದಲ್ಲಿ ಎಷ್ಟು ಮೆಟ್ಟಿಲು ಒಡೆದು ಕಟ್ಟಿರಬೇಕೋ!

ಗುತ್ತಿಗೆದಾರರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನು ಸಹಿತ ಗುತ್ತಿಗೆಯೋ, ಕೂಲಿ ಮಾತ್ರದ್ದೋ, ಅಳತೆಯ ಮೇಲೋ, ಯಾವುದಾದರೂ ನಡೆದೀತು. ಒಳಗೊಂಡಿರುವುದರ ಪಟ್ಟಿಗಿಂತ ಒಳಗೊಳ್ಳದೇ ಇರುವುದರ ಪಟ್ಟಿಯನ್ನು ಮೊದಲು ಕೇಳಿ. ತೂತು ಮುಚ್ಚುವುದು, ಪೈಪು, ವೈರಿಗಾಗಿ ಗೋಡೆ ಕೊರೆದದ್ದನ್ನು ಸರಿಪಡಿಸುವುದು, ಅವಶೇಷ ಸಾಗಿಸುವುದು, ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಒಣಗದಂತೆ ನೀರು ಹಾಯಿಸುವುದು, ಇವು ಯಾರ ತಲೆಗೆ? ಕೊನೆಯದಂತೂ ಎಲ್ಲರಿಗೂ ಸಸಾರ. ಕಾಂಕ್ರೀಟಿನ ಬಲವೆಂದು ಲೆಕ್ಕಕ್ಕೆ ಹಿಡಿಯುವುದು ಸುರಿದು 28 ದಿನವಾದಾಗ ಇರುವ ಬಲವನ್ನು. ಆ ಬಲದ ದೊಡ್ಡ ಪಾಲು ಕೂಡುವ ಮೊದಲ ವಾರದಲ್ಲಿ ಮೇಲ್ಮೈ ಒಣಗಿದರೆ ಒಳ್ಳೆಯ ಸಿಮೆಂಟಿದ್ದೂ ಪ್ರಯೋಜನವಿಲ್ಲ.

ಸೋರಿಕೆಗೆ ತಡೆ ಹಚ್ಚುವವರು ಮತ್ತು ಟೈಲ್ಸ್ ಹಾಕುವವರು ಒಬ್ಬರನ್ನೊಬ್ಬರು ಭೇಟಿಯಾಗುವುದೇ ಅಪರೂಪ. ಮೊದಲಿನವರು ನೆಲಕ್ಕೆ ಪದರ ಬಳಿದು, ಗೋಡೆಯ ಮೇಲೂ ಒಂದಿಷ್ಟು ಎತ್ತರಕ್ಕೆ ಏರಿಸಿ, ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಹಣ ಪಡೆದು ಹೋಗುತ್ತಾರೆ. ಆಮೇಲೆ ಬಂದ ಪ್ಲಂಬರ್ ನಲ್ಲಿಯ ಜಾಗ ಎರಡು ಬೆರಳು ಸರಿಸಲು ಉಳಿ ಹಿಡಿಯುತ್ತಾರೆ. ಅಲ್ಲಿಗೆ ಪದರ ಹೋಯಿತು. ಆದ್ದರಿಂದ ನಾನು ನೀರು ನಿಲ್ಲಿಸುವ ಪರೀಕ್ಷೆಯನ್ನು ಟೈಲ್ಸ್ ಹಾಕಿದ ಮೇಲೆ ಮತ್ತೊಮ್ಮೆ ಮಾಡಿಸಿದೆ. ಕೊನೆಯ ಕಂತನ್ನು ಮೂವರಿಗೂ ಕೊಟ್ಟದ್ದು ಕೆಳಗಿನ ಚಾವಣಿ ಒಣಗಿರುವುದನ್ನು ಮೂವರೂ ಒಟ್ಟಿಗೆ ನಿಂತು ನೋಡಿದ ಮೇಲೆಯೇ. ಇದು ಅವರಿಗೆ ಅವಮಾನ ಎನಿಸಿತೇನೋ, ಆದರೆ ಪರಸ್ಪರ ಫೋನ್ ನಂಬರ್ ತೆಗೆದುಕೊಂಡದ್ದನ್ನೂ ಕಂಡೆ.

ಎಲೆಕ್ಟ್ರಿಷಿಯನ್‌ಗೆ ನಾನು ಕೇಳಿದ್ದು ಎರಡೇ. ಅರ್ಥಿಂಗ್ ಅಳೆದು ಅಂಕಿ ಬರೆದುಕೊಡಿ, ಆಘಾತ ತಪ್ಪಿಸುವ 30 ಮಿಲಿಆಂಪಿಯರ್‌ ಸ್ವಿಚ್ಚನ್ನು ನನ್ನೆದುರು ಒತ್ತಿ ತೋರಿಸಿ. ಪ್ಲಾಸ್ಟರಿಂಗ್‌ಗೆ ಮುನ್ನ, ವೈರು ಪೈಪು ಎಲ್ಲಿವೆಯೆಂದು ಕಾಣುವಂತೆ, ಪ್ರತಿ ಗೋಡೆಯ ಮೇಲೂ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆದಿಟ್ಟುಕೊಂಡೆ. ಈಗ ಮೊಳೆ ಹೊಡೆಯುವ ಮುನ್ನ ಮನೆಯವರೆಲ್ಲ ನನ್ನ ಮೊಬೈಲ್ ಕೇಳುತ್ತಾರೆ, ಗೇಲಿ ಮಾಡಿದವರೂ.

ಬಣ್ಣದವರು ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಾರೆ. ಆ ಹೊತ್ತಿಗೆ ಮನೆಯವರ ತಾಳ್ಮೆಯೂ ಹಣವೂ ತೀರಿರುತ್ತದೆ. ಹಿಂದಿನವರೆಲ್ಲ ತಡಮಾಡಿದ ದಿನಗಳನ್ನು ಇವರ ಪಾಲಿನಿಂದ ಕಳೆಯುವುದು ಎಲ್ಲ ಕಡೆಯ ರೂಢಿ. ಹಸಿ ಪ್ಲಾಸ್ಟರ್ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದರೆ ದೂರು ಬರುವುದು ಇವರ ಮೇಲೆ. ನಮ್ಮ ಬಣ್ಣದವರು ಗೋಡೆಗೆ ಅಂಗೈ ಒತ್ತಿ, "ಇನ್ನೂ ಒಳಗೆ ಹಸಿ ಇದೆಯಮ್ಮ, ಈಗ ಹಚ್ಚಿದರೆ ನನ್ನ ಹೆಸರು ಕೆಡುತ್ತದೆ" ಎಂದು ಡಬ್ಬ ಮುಚ್ಚಿಟ್ಟು ಹೋದರು. ಗೃಹಪ್ರವೇಶದ ದಿನ ಎರಡು ಕೋಣೆಗಳು ಬರೀ ಸಿಮೆಂಟಿನ ಬಣ್ಣದಲ್ಲೇ ಇದ್ದವು. ಬಂದವರು ಕೇಳಿದಾಗ ಆ ಬಣ್ಣದವರ ಹೆಸರನ್ನೂ ನಂಬರನ್ನೂ ಬರೆದುಕೊಟ್ಟೆ.