ನಿವೃತ್ತಿಯಾದವರನ್ನು ಮತ್ತೆ ಯಾಕೆ ದುಡಿಸ್ತೀರಿ?

"ಜೀವನಪೂರ್ತಿ ದುಡಿದು ಈಗಷ್ಟೇ ಕೂತಿದ್ದಾರೆ. ಅವರನ್ನ ಮತ್ತೆ ಯಾಕೆ ಎಬ್ಬಿಸ್ತೀರಿ?" ನಮ್ಮ ಚರ್ಚಿನ ನಿವೃತ್ತರ ತಂಡದ ಬಗ್ಗೆ ಕೇಳಿದವರೆಲ್ಲ ನನ್ನ ಮುಂದೆ ಇಡುವ ಪ್ರಶ್ನೆ ಇದು. ತಂಡದಲ್ಲಿ ಬಡಗಿ, ಪ್ಲಂಬರ್, ಟೈಲರ್, ನರ್ಸ್ ಎಲ್ಲರೂ ಇದ್ದಾರೆ. ಯಾರದಾದರೂ ಮನೆಯಲ್ಲಿ ಏನಾದರೂ ಕೆಟ್ಟು, ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೆ, ಇವರು ಹೋಗಿ ಸರಿ ಮಾಡಿ ಬರುತ್ತಾರೆ. ಆ ಮನೆಯವರು ಚರ್ಚಿಗೆ ಬರುವವರೇ ಆಗಬೇಕು ಅಂತೇನಿಲ್ಲ.

ನನ್ನ ಉತ್ತರ ಒಂದು ನಲ್ಲಿಯಿಂದ ಶುರುವಾಗುತ್ತದೆ.

ಒಂಟಿಯಾಗಿರುವ ಒಬ್ಬ ಅಜ್ಜಿಯ ಅಡುಗೆಮನೆ ನಲ್ಲಿ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿತ್ತು. ಒಂದು ವಾಷರ್ ಹಾಕೋಕೆ ಅಂತ ಯಾರು ಬರ್ತಾರೆ, ಹೇಳಿ? ನೀರು ನಿಲ್ಲಲಿ ಅಂತ ಅಜ್ಜಿ ದಿನಾ ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಿದ್ದರು. ಬಿಗಿದಷ್ಟೂ ವಾಷರ್ ಸವೆಯುತ್ತದೆ. ಬೆರಳಿನ ಗಂಟುಗಳೆಲ್ಲ ಊದಿದ್ದ ಅವರಿಗೆ ಒಂದು ಲೋಟ ನೀರು ಹಿಡಿಯುವುದೂ ಹಿಂಸೆಯಾಗಿತ್ತು. ನಮ್ಮ ಪ್ಲಂಬರ್ ಅಣ್ಣ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ವಾಷರ್ ಕೂರುವ ಜಾಗವನ್ನು ಕಿರುಬೆರಳಿನಿಂದ ಸವರಿದರು. ಅಲ್ಲಿ ಗೀರು ಬಿದ್ದಿದ್ದರೆ ಹೊಸ ವಾಷರ್ ಹಾಕಿದರೂ ಸೋರುತ್ತದೆ. ಕಣ್ಣಿಗೆ ಕಾಣದ ಆ ಗೀರು ಅವರ ಬೆರಳಿಗೆ ತಕ್ಷಣ ಸಿಗುತ್ತದೆ. ಕೆಲಸ ಮುಗಿದದ್ದು ಹತ್ತು ನಿಮಿಷದಲ್ಲಿ. ಆಮೇಲೆ ಒಂದು ಗಂಟೆ ಅಜ್ಜಿಯ ಮಾತು ಕೇಳುತ್ತಾ ಕೂತರು. ದುಡಿಯುತ್ತಿದ್ದ ಕಾಲದಲ್ಲಿ ಅವರಿಗೆ ಹಾಗೆ ಕೂರುವ ಪುರುಸೊತ್ತೇ ಇರಲಿಲ್ಲ. ಪಳಗಿದ ಕೈ, ಪುರುಸೊತ್ತು ಎರಡೂ ಒಟ್ಟಿಗೆ ಬೇರೆ ಯಾರ ಹತ್ತಿರ ಸಿಗುತ್ತೆ?

ನಾವು ತಪ್ಪು ಮಾಡಿಲ್ಲ ಅಂತಲ್ಲ. ಮೂರು ಮೆಟ್ಟಿಲಿದ್ದ ಒಂದು ಮನೆಗೆ ವೀಲ್‌ಚೇರ್ ಹತ್ತಲು ಮರದ ಇಳಿಜಾರು ಮಾಡಿದೆವು. ಜಾಗ ಕಡಿಮೆ ಅಂತ ಎಂಟು ಅಡಿಯಲ್ಲೇ ಮುಗಿಸಿಬಿಟ್ಟೆವು. ನಮ್ಮ ನರ್ಸ್ ಅಕ್ಕ ಖಾಲಿ ಕುರ್ಚಿಯನ್ನು ಒಮ್ಮೆ ತಳ್ಳಿ ನೋಡಿ, "ಇದರಲ್ಲಿ ಯಾರನ್ನೂ ಇಳಿಸಬೇಡಿ" ಅಂದರು. ಒಂದಿಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಏಳೇಳು ಇಂಚಿನ ಮೂರು ಮೆಟ್ಟಿಲು ಅಂದರೆ 21 ಇಂಚು. ಹಾಗಾದರೆ 21 ಅಡಿ ಬೇಕು! ಎಲ್ಲಾ ಬಿಚ್ಚಿ, ನಡುವೆ ಒಂದು ಸಮತಟ್ಟು ಜಾಗ ಬಿಟ್ಟು, ಅಲ್ಲಿಂದ ತಿರುವು ಕೊಟ್ಟು ಮತ್ತೆ ಕಟ್ಟಿದೆವು. ನರ್ಸ್ ಅಕ್ಕನದು ವರ್ಷಗಟ್ಟಲೆ ರೋಗಿಗಳನ್ನು ಕೂರಿಸಿ ತಳ್ಳಿದ ಕೈ. ಬಡಗಿಗೆ ಕಾಣದ್ದು ಅವರಿಗೆ ಕಂಡಿತು.

ಅಂದಹಾಗೆ, ಎತ್ತರದ ಏಣಿ ಹತ್ತುವ ಕೆಲಸ ನಾವು ಒಪ್ಪಿಕೊಳ್ಳುವುದಿಲ್ಲ. ಯಾರ ಮನೆಗೂ ಒಬ್ಬರೇ ಹೋಗುವುದಿಲ್ಲ.

ಇದಕ್ಕೂ ಚರ್ಚಿಗೂ ಏನು ಸಂಬಂಧ ಅಂತಲೂ ಕೆಲವರು ಕೇಳುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಯೊಪ್ಪ ಅನ್ನುವ ಊರಿನ ತಬಿಥಾ ಬರುತ್ತಾಳೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುವುದು ಅವಳು ಮಾಡಿಕೊಟ್ಟ ಬಟ್ಟೆಗಳನ್ನು. ನಮ್ಮ ಟೈಲರ್ ಅಮ್ಮ ಈ ಭಾಗ ಓದಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ.

ವಯಸ್ಸಿನ ಮಾತಿಗೆ ಜಿಮ್ಮಿ ಕಾರ್ಟರ್ ನೆನಪಾಗುತ್ತಾರೆ. 1981ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆ ಬಿಟ್ಟ ಮೇಲೆ ತಮ್ಮ ಊರಿನ ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಮಾಡಿದರು. 1984ರಿಂದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಜೊತೆ ಸೇರಿ, ಸುತ್ತಿಗೆ ಹಿಡಿದು ಇಲ್ಲದವರಿಗೆ ಮನೆ ಕಟ್ಟಿದರು. 2019ರಲ್ಲಿ, 95ನೇ ವಯಸ್ಸಿನಲ್ಲಿ, ಬಿದ್ದು ಹಣೆಗೆ 14 ಹೊಲಿಗೆ ಹಾಕಿಸಿಕೊಂಡಿದ್ದರು. ಆದರೂ ನ್ಯಾಶ್ವಿಲ್‌ನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹಾಜರಾದರು.

ನಮ್ಮ ಬಡಗಿ ಮಾಮನ ಕೈ ಈಗ ನಡುಗುತ್ತದೆ. ಗರಗಸ ಮುಟ್ಟುವುದಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲಿ ಗುರುತು ಹಾಕಬೇಕು, ಯಾವ ಹಲಗೆ ಸೀಳುತ್ತದೆ ಅಂತ ಹುಡುಗರಿಗೆ ಹೇಳಿಕೊಡುತ್ತಾರೆ. ಕಳೆದ ಶನಿವಾರ ಅವರನ್ನು ಕರೆದುಕೊಂಡು ಹೋಗಲು ನಾನು ಬಂದದ್ದು ಅರ್ಧ ಗಂಟೆ ತಡ. ಅಳತೆ ಟೇಪು, ಕಿವಿ ಮೇಲೆ ಪೆನ್ಸಿಲ್, ಕಾಲಿಗೆ ಬೂಟು. ಬಾಗಿಲಲ್ಲೇ ನಿಂತಿದ್ದರು. "ಎಲ್ಲಿ ಹೋಗಿದ್ಯಪ್ಪಾ ಇಷ್ಟು ಹೊತ್ತು? ಅಲ್ಲಿ ಅವರು ಕಾಯ್ತಿರ್ತಾರೆ" ಅಂದರು.