ನಗದೆ ನಗಿಸಿದ ಮಕ್ಕಳು

ಮುಂಬಯಿಯ ಮಾಟುಂಗಾದ ಕಾಲೇಜೊಂದರ ವಿದ್ಯಾರ್ಥಿಗಳು ಈಚೆಗೆ ಆಸ್ಕರ್ ವೈಲ್ಡ್ ಅವರ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕವನ್ನು ಇಂಗ್ಲಿಷಿನಲ್ಲೇ ಆಡಿದರು. ಪಾತ್ರಧಾರಿಗಳಲ್ಲಿ ಕೆಲವರು ನಮ್ಮ ಕನ್ನಡದ ಮನೆಗಳ ಮಕ್ಕಳಾದ್ದರಿಂದ ಪ್ರೇಕ್ಷಕರ ನಡುವೆ ಕನ್ನಡದ ಮಾತೂ ಧಾರಾಳವಾಗಿ ಕೇಳಿಬರುತ್ತಿತ್ತು. 1895ರ ಫೆಬ್ರವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲು ರಂಗವೇರಿದ ಈ ಪ್ರಹಸನದಲ್ಲಿ ಎಲ್ಲರೂ ಕ್ಷುಲ್ಲಕ ಸಂಗತಿಗಳನ್ನು ಜೀವನ್ಮರಣದ ಪ್ರಶ್ನೆಗಳೆಂಬಂತೆ ಚರ್ಚಿಸುತ್ತಾರೆ. ತಾನು ಆಡುತ್ತಿರುವುದು ತಮಾಷೆಯ ಮಾತೆಂದು ನಟನೊಬ್ಬ ಕಣ್ಣಂಚಿನಲ್ಲಿ ಸುಳಿವು ಕೊಟ್ಟರೂ ಸಾಕು, ನಗೆ ಅಲ್ಲಿಗೇ ನಂದಿಹೋಗುತ್ತದೆ. ವಿದ್ಯಾರ್ಥಿ ತಂಡಗಳು ಸಾಮಾನ್ಯವಾಗಿ ಎಡವುವ ಈ ಜಾಗದಲ್ಲಿ ಇವರು ಎಡವಲಿಲ್ಲ.

ಲೇಡಿ ಬ್ರಾಕ್ನೆಲ್ ತನ್ನ ಮಗಳನ್ನು ಬೇಡಿ ಬಂದ ಜಾಕ್ ವರ್ದಿಂಗ್‌ನನ್ನು ವಿಚಾರಿಸುವ ದೃಶ್ಯವನ್ನೇ ನೋಡಿ. ಕೈಯಲ್ಲಿ ಪೆನ್ಸಿಲು, ಟಿಪ್ಪಣಿ ಪುಸ್ತಕ ಹಿಡಿದು ಆಕೆ ವಯಸ್ಸು, ವರಮಾನ, ಅದು ಜಮೀನಿನದೋ ಹೂಡಿಕೆಯದೋ, ಲಂಡನ್ನಿನ ಮನೆ ಯಾವ ಬೀದಿಯಲ್ಲಿದೆ ಎಂದು ಒಂದೊಂದಾಗಿ ಕೇಳುತ್ತಾಳೆ. ಗಂಡಿನ ಕಡೆಯವರ ಆಸ್ತಿಪಾಸ್ತಿ ವಿಚಾರಿಸುವ ನಮ್ಮ ಸೋದರತ್ತೆಯರನ್ನು ಬಲ್ಲ ಸಭೆಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೊನೆಗೆ, ತಾನು ಶಿಶುವಾಗಿದ್ದಾಗ ವಿಕ್ಟೋರಿಯಾ ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಒಂದು ಕೈಚೀಲದೊಳಗೆ ಸಿಕ್ಕವನೆಂದು ಜಾಕ್ ಒಪ್ಪಿಕೊಳ್ಳುತ್ತಾನೆ. 1952ರ ಚಲನಚಿತ್ರದಲ್ಲಿ ಈಡಿತ್ ಇವಾನ್ಸ್ ಆ ಕೈಚೀಲವೆಂಬ ಮಾತನ್ನು ದನಿಯೇರಿಸಿ ಎಳೆದ ಬಗೆ ಎಷ್ಟು ಪ್ರಸಿದ್ಧವಾಯಿತೆಂದರೆ, ಆಮೇಲೆ ಈ ಪಾತ್ರಕ್ಕೆ ಇಳಿದವರಿಗೆಲ್ಲ ಅದೊಂದು ಹೊರೆಯೇ ಆಯಿತು. ನಮ್ಮ ಹುಡುಗಿ ಅದನ್ನು ಅನುಕರಿಸಲಿಲ್ಲ. ಬರೆಯುತ್ತಿದ್ದ ಕೈಯನ್ನು ತಡೆದು, ಲೆಕ್ಕದಲ್ಲಿ ತಪ್ಪು ಕಂಡ ಗುಮಾಸ್ತೆಯ ದನಿಯಲ್ಲಿ ಮೆಲ್ಲಗೆ ಕೇಳಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅವಳ ಮುಖದಲ್ಲಿ ಒಂದು ಗೆರೆಯೂ ಸಡಿಲಲಿಲ್ಲ.

ಜಾಕ್‌ನ ಗೆಳೆಯ ಆಲ್ಜರ್ನನ್ ಸೌತೆಕಾಯಿಯ ಸ್ಯಾಂಡ್‌ವಿಚ್‌ಗಳನ್ನೆಲ್ಲ ತಾನೇ ತಿಂದು ಮುಗಿಸಿದ ಮೇಲೆ, ಪೇಟೆಯಲ್ಲಿ ಸೌತೆಕಾಯಿಯೇ ಇರಲಿಲ್ಲವೆಂದು ನಿರ್ವಿಕಾರವಾಗಿ ಸುಳ್ಳು ಹೇಳುವ ಸೇವಕ ಲೇನ್‌ನ ಪಾತ್ರಧಾರಿಯೂ ಇದೇ ಶಿಸ್ತನ್ನು ಪಾಲಿಸಿದ. ಎರಡನೆಯ ಅಂಕದಲ್ಲಿ ಲೇಡಿ ಬ್ರಾಕ್ನೆಲ್‌ಳ ಮಗಳು ಗ್ವೆಂಡೊಲೆನ್ ಮತ್ತು ಜಾಕ್‌ನ ಪೋಷಣೆಯಲ್ಲಿರುವ ಸೆಸಿಲಿ ಚಹಾದ ಮೇಜಿನಲ್ಲಿ ಜಗಳವಾಡುವಾಗ ಮಾತಿನ ವೇಗ ಅತಿಯಾಗಿ, ಸಭ್ಯತೆಯ ಹೊದಿಕೆಯ ಕೆಳಗಿನ ವಿಷ ಪೂರ್ತಿ ರುಚಿಗೆ ಸಿಗಲಿಲ್ಲ.

ವೈಲ್ಡ್ ಮೊದಲು ಬರೆದದ್ದು ನಾಲ್ಕು ಅಂಕಗಳು. ನಿರ್ಮಾಪಕರೂ ನಟರೂ ಆಗಿದ್ದ ಜಾರ್ಜ್ ಅಲೆಕ್ಸಾಂಡರ್ ಅವರ ಒತ್ತಾಯದಿಂದ ಅವು ಮೂರಾದವು. ಅದೇ ವಸಂತದಲ್ಲಿ ವೈಲ್ಡ್ ಬಂಧನಕ್ಕೊಳಗಾದಾಗ, ನಾಟಕ ನಡೆಯುತ್ತಿದ್ದಂತೆಯೇ ಭಿತ್ತಿಪತ್ರಗಳಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಂಡನ್ನಿನಲ್ಲಿ ಭೂವಿಜ್ಞಾನ ಓದಲು ಹೋಗಿ ರಂಗಭೂಮಿಯನ್ನು ಮನಸ್ಸಿಗೆ ಹಚ್ಚಿಕೊಂಡು ಬಂದ ಕೈಲಾಸಂ ಅವರ ನಾಟಕಗಳೂ ಇಂಥದೇ ನೇರಮುಖದ ನಟನೆಯನ್ನು ಬೇಡುತ್ತವೆ. ಈ ತಂಡದ ಕನ್ನಡದ ಮಕ್ಕಳು ಮುಂದೆ ‘ಟೊಳ್ಳುಗಟ್ಟಿ’ಯನ್ನು ಕೈಗೆತ್ತಿಕೊಂಡು, ಮಾಟುಂಗಾದಲ್ಲೇ ಇರುವ ಮೈಸೂರು ಅಸೋಸಿಯೇಷನ್ನಿನಲ್ಲಿ ಆಡಬೇಕೆಂದು ಅವರ ತಾಯ್ತಂದೆಯರ ಬಳಿ ಅಂದೇ ಕೇಳಿಕೊಂಡಿದ್ದೇನೆ.