ಹೊಟ್ಟೆಯ ಸ್ನಾಯು ಹರಿದಾಗ ತಿಕ್ಕಿಸಬೇಡಿ

ಜಮಖಂಡಿ, ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಈ ನೋವಿಗೆ ದಾರಿ ಸಲೀಸು. ಸೂಡು ಎತ್ತಿ, ಕಾಲು ನೆಟ್ಟಲ್ಲೇ ನೆಟ್ಟು, ನಡ ತಿರುವಿ ಟ್ರೇಲರ್‌ಗೆ ಎಸೆಯುವಾಗ ಪಕ್ಕೆಯ ಕೆಳಗೆ ಚಳಕು ಹೊಡೆಯುತ್ತದೆ. ಹಿಗ್ಗಿದ ಓರೆ ಸ್ನಾಯು ಅದೇ ಹೊತ್ತಿಗೆ ಬಿಗಿಯಬೇಕಾಗಿ ಬಂದು ಎಳೆ ಹರಿದಿರುತ್ತದೆ. ಮನೆಯಲ್ಲಿ ಮಾತ್ರ ‘ಬಟ್ಟಿ ಸರದೈತಿ’ (ಹೊಕ್ಕುಳ ಜಾರಿದೆ) ಅಂತ ಎಣ್ಣೆ ಹಚ್ಚಿ ತಿಕ್ಕಿಸಲು ಕರೆದೊಯ್ಯುತ್ತಾರೆ. ಮೊದಲ 2-3 ದಿನ ತಿಕ್ಕಿದರೆ, ಕಾವು ಕೊಟ್ಟರೆ ಒಳಗೆ ರಕ್ತ ಒಸರಿ ಬಾವು ಹೆಚ್ಚುತ್ತದೆ. ಆಗ ಬೇಕಿರುವುದು ಬಟ್ಟೆಯಲ್ಲಿ ಸುತ್ತಿದ ಐಸ್: ಒಮ್ಮೆಗೆ 15-20 ನಿಮಿಷ, ದಿನಕ್ಕೆ ನಾಲ್ಕೈದು ಸಲ.

ಅಂಗಾತ ಮಲಗಿ, ನೋಯುವ ಜಾಗ ಒತ್ತಿ ಹಿಡಿದು ತಲೆ-ಹೆಗಲು ಎತ್ತಿ ನೋಡಿ. ನೋವು ಹೆಚ್ಚಿದರೆ ಮೂಲ ಬಹುತೇಕ ಹೊಟ್ಟೆಯ ಗೋಡೆಯಲ್ಲೇ ಇದೆ. ಕೆಮ್ಮಿದಾಗ ಉಬ್ಬು ಕಂಡರೆ ಹರ್ನಿಯಾ ಇರಬಹುದು. ಜ್ವರ, ವಾಂತಿ, ಗಟ್ಟಿಯಾದ ಹೊಟ್ಟೆ, ಅಥವಾ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಲ್ಲಿ ದೊಡ್ಡದಾಗುತ್ತಿರುವ ಗಂಟು ಇದ್ದರೆ ಅಂದೇ ಆಸ್ಪತ್ರೆ.

ಕೈ ಮುರಿದರೆ ಪಟ್ಟಿ ಕಟ್ಟಬಹುದು. ಹೊಟ್ಟೆಗೆ ಆ ಸೌಲಭ್ಯವಿಲ್ಲ. ಕೆಮ್ಮಿದರೂ, ನಕ್ಕರೂ, ಎದ್ದರೂ ಅದಕ್ಕೆ ದುಡಿಮೆ. ಹಾಗಾಗಿ ಹಾಸಿಗೆಯಿಂದ ನೇರ ಏಳಬೇಡಿ: ಮಂಡಿ ಮಡಚಿ, ಇಡೀ ಮೈ ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು ಕೈ ಊರಿ ಏಳಿ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಮಲಬದ್ಧತೆಯಲ್ಲಿ ತಿಣುಕಿದರೂ ಮತ್ತೆ ಹರಿಯಬಹುದು. ರೊಟ್ಟಿಯ ಜೊತೆ ಪಲ್ಯ, ಹಸಿ ತೊಪ್ಪಲು, ಸಾಕಷ್ಟು ನೀರು ಇರಲಿ. ಹೊಟ್ಟೆಗೆ ಆಸರೆಯಾಗಿ ಸುತ್ತುವ ಬೆಲ್ಟು ಓಡಾಡುವಾಗಷ್ಟೇ ಸಾಕು.

ಮೂರ್ನಾಲ್ಕು ದಿನ ಕಳೆದು ನೋವು ಇಳಿದ ಮೇಲೆ, ಮಂಡಿ ಮಡಚಿ ಮಲಗಿ ಉಸಿರು ಬಿಡುತ್ತ ಹೊಕ್ಕುಳನ್ನು ಮೆಲ್ಲಗೆ ಒಳಗೆಳೆದು 5 ಸೆಕೆಂಡ್ ಹಿಡಿಯಿರಿ, 10 ಸಲ. ಅದು ಸಲೀಸಾದರೆ ಹಿಮ್ಮಡಿಯನ್ನು ಒಂದೊಂದಾಗಿ ಜಾರಿಸಿ ಕಾಲು ಚಾಚುವುದು. ಆಮೇಲೆ 10 ಸೆಕೆಂಡ್ ಪ್ಲ್ಯಾಂಕ್: ಬೋರಲಾಗಿ ಮೊಣಕೈ, ಮಂಡಿ ಊರಿ ಮೈ ನೇರ ಎತ್ತಿ ಹಿಡಿಯುವುದು. ನೋವಿಗೆ ನೀವೇ ಕೊಡುವ ಅಂಕ 10ಕ್ಕೆ 3 ದಾಟಿದರೆ, ಮರುದಿನವೂ ಉಳಿದರೆ, ಒಂದು ಹೆಜ್ಜೆ ಹಿಂದೆ. ಸಿಟ್-ಅಪ್ ಕಟ್ಟಕಡೆಗೆ.

ಸ್ನಾಯು ತುಸು ಹರಿದಿದ್ದರೆ ಮಾಯಲು 2-3 ವಾರ, ಮಧ್ಯಮ ಮಟ್ಟಕ್ಕೆ ಹರಿದಿದ್ದರೆ 4-8 ವಾರ ಹಿಡಿಯುತ್ತದೆ. ಎಡವಟ್ಟಾಗುವುದು ಹತ್ತನೇ ದಿನದ ಸುಮಾರಿಗೆ: ನೋವು ಹೋಗಿರುತ್ತದೆ, ಎಳೆ ಇನ್ನೂ ಹಸಿ, ಆಸಾಮಿ ಜೋಳದ ಚೀಲಕ್ಕೆ ಹೆಗಲು ಕೊಟ್ಟಿರುತ್ತಾನೆ. 5 ಕಿಲೋದಿಂದ ಶುರುಮಾಡಿ, ವಾರವಾರ ಏರಿಸಿ. ಎತ್ತುವಾಗ ಉಸಿರು ಬಿಡಿ, ನಡ ತಿರುವದೆ ಪಾದ ತಿರುಗಿಸಿ. ಗರಡಿಯವರು ಭಾರದ ಸಂಗ್ರಾಣಿ ಕಲ್ಲು ಎತ್ತುವುದನ್ನು ಮುಂದಿನ ಜಾತ್ರೆಗೆ ಬಿಡುವುದೇ ಲೇಸು.